ನಲವತ್ತೊಂದು, ನಲವತ್ತೆರಡು

ಈ ಡಿಸೆಂಬರಿಗೂ ಬಂತು ಪಟ್ಟಿ:
ಸಾರ್ವಕಾಲಿಕ ಶ್ರೇಷ್ಠ ಆಲ್ಬಂಗಳು, ನೂರು.
ಹಾರ್ಟಲ್‌ಪೂಲಿನ ಡಿಪೋದಲ್ಲಿ, ಬೆಳಗಿನ ನಾಲ್ಕೂವರೆಗೆ,
ಬಸ್ಸಿನ ಎಂಜಿನ್ ಬಿಸಿಯಾಗುವ ತನಕ
ಪತ್ರಿಕೆಯನ್ನು ಸ್ಟೀರಿಂಗಿಗೆ ಒರಗಿಸಿ
ಬೆರಳಿಟ್ಟು ಓದಿದೆ, ನೂರರಿಂದ ಮೇಲಕ್ಕೆ,
ಫಲಿತಾಂಶದ ಹಲಗೆಯಲ್ಲಿ ತನ್ನ ನಂಬರು ಹುಡುಕುವ ಹುಡುಗನ ಹಾಗೆ.

ಇರಲಿಲ್ಲ.
ಇರುವುದಿಲ್ಲವೆಂದು ಗೊತ್ತಿತ್ತು. ಆದರೂ ಹೊಟ್ಟೆಯಲ್ಲಿ ಸಣ್ಣ ಉರಿ.

ಸ್ವಾಮಿ, ಪಟ್ಟಿ ಮಾಡುವವರೇ,
ಒಂದೇ ಒಂದು ಕೇಳುತ್ತೇನೆ, ಜಗಳಕ್ಕಲ್ಲ:
ನಲವತ್ತೊಂದಕ್ಕೂ ನಲವತ್ತೆರಡಕ್ಕೂ ನಡುವೆ
ಏನಿತ್ತು?
ಒಂದು ಕೆಮ್ಮೇ? ಡ್ರಮ್ಮಿನವನ ಮುರಿದ ಕಡ್ಡಿಯೇ?
ಊಟ ಹೆಚ್ಚಾಗಿ ನಿಮ್ಮಲ್ಲೊಬ್ಬರ ಕೈ ತೂಕಡಿಸಿತೇ?
ಯಾವ ಸೇರಿನಲ್ಲಿ ಅಳೆದಿರಿ ಒಬ್ಬಳ ಉಸಿರನ್ನು?
ಕಪ್ಪೆಗಳನ್ನು ತಕ್ಕಡಿಗೆ ಹಾಕಿದ್ದೀರಿ,
ಒಂದು ಕೂತರೆ ಒಂದು ನೆಗೆಯುತ್ತದೆ;
ಹೋದ ವರ್ಷ ಏಳರಲ್ಲಿದ್ದದ್ದು ಈ ವರ್ಷ ಇಪ್ಪತ್ತಮೂರರಲ್ಲಿ.
ಅದೇ ಹಾಡು. ಒಂದು ಸ್ವರವೂ ಸವೆದಿಲ್ಲ.

ರೆಕಾರ್ಡಿನ ಅಂಗಡಿಯ ಆಡ್ರಿ ನಗುತ್ತಾಳೆ:
"ಪಟ್ಟಿ ಬಂದ ವಾರ ಮೊದಲ ಹತ್ತೂ ಖಾಲಿ.
ಹನ್ನೊಂದನೆಯದು ಪಾಪ,
ಪಂಕ್ತಿ ಎದ್ದ ಮೇಲೆ ಬಂದ ನೆಂಟನ ಹಾಗೆ ಕೂತಿರುತ್ತದೆ."
ನನಗೆ ನಗು ಬರಲಿಲ್ಲ.
ಆಮೇಲೆ ಬಂತು, ಬಸ್ಸಿನಲ್ಲಿ, ಒಬ್ಬನೇ ಇದ್ದಾಗ.

ನನ್ನದು ಯಾವುದೆಂದರೆ,
ಎಂಬತ್ತೊಂದನೇ ಇಸವಿ, ಮುನ್ನೂರೇ ಪ್ರತಿ,
ಮೀನು ಕೊಯ್ಯುವ ಶೆಡ್ಡಿನ ಮೂವರು ಹುಡುಗಿಯರು
ಚರ್ಚಿನ ಹಿಂದಿನ ಕೋಣೆಯಲ್ಲಿ ಎರಡೇ ದಿನದಲ್ಲಿ ಮುಗಿಸಿದ್ದು.
ಗಿಟಾರಿನ ಶ್ರುತಿ ಕೊಂಚ ಕೆಳಗೆ.
ಎರಡನೇ ಬದಿಯ ಮೂರನೇ ಹಾಡಿನ ಕೊನೆಗೆ
ಕೇಳಿ, ಸರಿಯಾಗಿ ಕೇಳಿ,
ಹೊರಗೆ ಯಾರೋ ಕಲ್ಲಿದ್ದಲಿನ ಗಾಡಿ ಎಳೆದುಕೊಂಡು ಹೋಗುತ್ತಾರೆ.
ಅದನ್ನು ಅಳಿಸಲಿಲ್ಲ. ಮತ್ತೆ ಹಾಡಲು ಟೇಪಿಗೆ ದುಡ್ಡಿರಲಿಲ್ಲ.
ನಡುವೆ ನಿಂತು ಹಾಡಿದವಳು ಬೆರಿಲ್, ನಮ್ಮ ಬೀದಿಯವಳು,
ಚೂರಿ ತಾಗಿದ ಬೆರಳಿಗೆ ಸದಾ ಬಿಳಿ ಪಟ್ಟಿ.
ನನಗೆ ಬಾಯಿಪಾಠವಾದ ಪಟ್ಟಿ ಅದೊಂದೇ.

ಅಪ್ಪ, ವಿಲ್ಫ್, ಪಾರಿವಾಳದ ಪಂದ್ಯದವನು.
ಶನಿವಾರವೆಂದರೆ ನಮ್ಮನೆಯಲ್ಲಿ ಗಡಿಯಾರದ ದಿನ.
ಫ್ರಾನ್ಸಿನಲ್ಲಿ ಬಿಟ್ಟ ಹಕ್ಕಿ ಕಡಲು ದಾಟಿ
ಗೂಡಿನ ಹಲಗೆ ಮುಟ್ಟಿದ್ದೇ ತಡ
ಕಾಲಿನ ರಬ್ಬರುಂಗುರ ಬಿಡಿಸಿ ಗಡಿಯಾರದ ಡಬ್ಬಿಗೆ, ಟಕ್.
ಅಲ್ಲಿ ಮೊದಲು ಎಂದರೆ ಮೊದಲು, ನಾನೂ ಒಪ್ಪುತ್ತೇನೆ.
ಗಜ, ನಿಮಿಷ, ಭಾಗಾಕಾರ. ತಕರಾರಿಲ್ಲ.

ಒಂದು ಜೂನಿನಲ್ಲಿ ಬೂದು ಬಣ್ಣದ ಹೆಣ್ಣೊಂದು ಬರಲಿಲ್ಲ.
ಶನಿವಾರ ಇಲ್ಲ, ಭಾನುವಾರ ಇಲ್ಲ.
ಬಹುಮಾನ ಯಾರದೋ ಪಾಲಾಗಿ
ಗೆದ್ದ ಕಪ್ಪಿನಲ್ಲೇ ಅವರು ಬಿಯರು ಕುಡಿದೂ ಆಗಿತ್ತು.
ಗುರುವಾರ ಸಂಜೆ, ಒಂದು ರೆಕ್ಕೆಯ ಅರ್ಧ ಗರಿಯಿಲ್ಲದೆ,
ಎದೆಗೆಲ್ಲ ಹಡಗಿನ ಎಣ್ಣೆ ಮೆತ್ತಿಕೊಂಡು,
ಹಿತ್ತಲ ಗೇಟಿನ ಕೆಳಗಿನ ಸಂದಿಯಿಂದ
ನಡೆದುಕೊಂಡೇ ಬಂತು.
ಅಪ್ಪ ಗಡಿಯಾರದ ಕಡೆ ನೋಡಲಿಲ್ಲ.
ಅಂಗೈಯಲ್ಲಿ ಎತ್ತಿಕೊಂಡು,
"ಬಂದ್ಯಾ?" ಎಂದ.
ಅಷ್ಟೇ. ಅಮ್ಮ ಹೋದಾಗಲೂ ಅಳದ ಮನುಷ್ಯ
ಬಟಾಣಿ ತರಲು ಒಳಗೆ ಹೋದವನು
ಅಡುಗೆಮನೆಯಲ್ಲಿ ಬಹಳ ಹೊತ್ತು ನಿಂತ, ನಲ್ಲಿ ಬಿಟ್ಟುಕೊಂಡು.

ಬೆರಿಲ್ ಈಗಲೂ ನನ್ನ ಬಸ್ಸು ಹತ್ತುತ್ತಾಳೆ,
ಮಂಗಳವಾರ, ಹತ್ತು ಗಂಟೆಯ ಟ್ರಿಪ್ಪಿಗೆ, ಹಿರಿಯರ ಪಾಸಿನಲ್ಲಿ.
ಹೇಳಬೇಕು, ಈ ವಾರ ಹೇಳಲೇಬೇಕು ಅಂದುಕೊಳ್ಳುತ್ತೇನೆ.
ಯಂತ್ರಕ್ಕೆ ಪಾಸು ಒತ್ತುತ್ತಾಳೆ. "ಚಳಿ" ಅನ್ನುತ್ತಾಳೆ.
"ಚಳಿ" ಅನ್ನುತ್ತೇನೆ.

ಇವತ್ತು ಮುಂದಿದ್ದ ಪತ್ರಿಕೆ ನೋಡಿ ಕೇಳಿದಳು,
"ಏನದು?"
"ಪಟ್ಟಿ."
"ಯಾತರದ್ದು?"
ಮಡಚಿ ಸೀಟಿನ ಕೆಳಗೆ ತುರುಕಿದೆ.
"ಫುಟ್‌ಬಾಲಿಂದು."

"ನಮ್ಮೂರಿನವರು ಕೆಳಗೇ ಇರಬೇಕು, ಬಿಡು" ಎಂದು
ಚೀಲ ಸರಿಮಾಡಿಕೊಂಡು
ಕಿಟಕಿಯ ಪಕ್ಕ ಕೂತಳು.